ವೆಸ್ನಾ ಮತ್ತು ವಸಂತ: ಒಂದು ಹೆಸರಿನ ವೃತ್ತಾಂತ

ಉಪಾಧ್ಯಾಯನ ದಿನಚರಿ ಹೆಸರುಗಳಿಂದಲೇ ಆರಂಭವಾಗುತ್ತದೆ. ಪಾಠ ಹೇಳುವುದಕ್ಕೆ ಮೊದಲು ಹಾಜರಿ ಕೂಗಬೇಕು. ಮೂರು ದಶಕಗಳಿಗೂ ಮಿಗಿಲಾಗಿ ಹೀಗೆ ಹೆಸರುಗಳನ್ನು ಕೂಗಿದವನಿಗೆ, ಆ ಹೆಸರುಗಳು ಎಲ್ಲಿಂದ ಬಂದವು, ಯಾರು ಯಾವ ಆಸೆಯಿಂದ ಇಟ್ಟರು ಎಂಬ ಕುತೂಹಲ ಹುಟ್ಟುವುದು ಸಹಜವೇ ಆಗಿದೆ. ನನ್ನ ಹಾಜರಿ ಪುಸ್ತಕಗಳಲ್ಲಿ ವಸಂತ, ವಸಂತಾ, ವಾಸಂತಿ, ವಸಂತಕುಮಾರ, ವಸಂತಲಕ್ಷ್ಮಿ ಎಂಬ ಹೆಸರುಗಳು ಬಾರದ ವರ್ಷವೇ ಇರಲಿಲ್ಲವೆಂದರೆ ತಪ್ಪಾಗಲಾರದು.

ಆ ವಸಂತೆಯರಲ್ಲಿ ಒಬ್ಬಳು ಈಗ ಯೂರೋಪಿನಲ್ಲಿ ಉದ್ಯೋಗದಲ್ಲಿದ್ದಾಳೆ. ಆಕೆ ಬರೆದ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: "ಮೇಷ್ಟ್ರೇ, ನನ್ನ ಜೊತೆ ಕೆಲಸ ಮಾಡುವ ಸ್ಲೊವೇನಿಯ ದೇಶದ ಹೆಂಗಸೊಬ್ಬರ ಹೆಸರು ವೆಸ್ನಾ. ನನ್ನ ಹೆಸರೂ ಅವರ ಹೆಸರೂ ಒಂದೇ ಎಂದು ಅವರು ಹೇಳುತ್ತಾರೆ. ಇದು ನಿಜವೋ, ತಮಾಷೆಯೋ?" ನಿಜವೇ ಎಂದು ಒಂದು ಸಾಲಿನಲ್ಲಿ ಉತ್ತರಿಸಬಹುದಾಗಿತ್ತು. ಆದರೆ ಆ ಒಂದು ಸಾಲಿನ ಹಿಂದೆ ಸಾವಿರಾರು ವರ್ಷಗಳ ಭಾಷಾಚರಿತ್ರೆಯೂ, ಒಂದು ಸಣ್ಣ ಜನಾಂಗ ತನ್ನ ಹೆಸರುಗಳನ್ನು ಉಳಿಸಿಕೊಂಡ ಕಥೆಯೂ ಇರುವುದರಿಂದ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ದೇಶದ ಪರಿಚಯ. ಸ್ಲೊವೇನಿಯವು ಇಟಲಿ, ಆಸ್ಟ್ರಿಯ, ಹಂಗೆರಿ ಮತ್ತು ಕ್ರೊಯೇಷಿಯಗಳ ನಡುವೆ ಇರುವ ಪುಟ್ಟ ದೇಶ. ವಿಸ್ತೀರ್ಣ ಸುಮಾರು 20,271 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಒಂಬತ್ತನೆಯ ಒಂದು ಪಾಲಿಗಿಂತ ಹೆಚ್ಚಲ್ಲ. ಜನಸಂಖ್ಯೆ ಸುಮಾರು 21 ಲಕ್ಷ. ರಾಜಧಾನಿ ಲ್ಯುಬ್ಲಿಯಾನಾ. ಅತಿ ಎತ್ತರದ ಶಿಖರ 2,864 ಮೀಟರ್ ಎತ್ತರದ ತ್ರಿಗ್ಲಾವ್. ಅಂದರೆ ಮೂರು ತಲೆಗಳುಳ್ಳದ್ದು. ಶತಮಾನಗಳ ಕಾಲ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಯಲ್ಲಿದ್ದ ಈ ನಾಡು 1918ರಲ್ಲಿ, ಮುಂದೆ ಯುಗೊಸ್ಲಾವಿಯ ಎನಿಸಿಕೊಂಡ ರಾಜ್ಯದ ಭಾಗವಾಯಿತು; 1991ರ ಜೂನ್ 25ರಂದು ಸ್ವತಂತ್ರವಾಯಿತು. ಆದರೆ ಭಾಷೆಗೆ ರಾಜ್ಯಕ್ಕಿಂತ ಹೆಚ್ಚಿನ ವಯಸ್ಸು. ಸ್ಲೊವೇನ್ ಭಾಷೆಯ ಮೊದಲ ಮುದ್ರಿತ ಪುಸ್ತಕಗಳನ್ನು ಪ್ರಿಮೋಜ್ ತ್ರುಬಾರ್ ಎಂಬ ಧರ್ಮಸುಧಾರಕನು 1550ರಲ್ಲಿ ಹೊರತಂದನು. ಅವುಗಳಲ್ಲಿ ಒಂದು ಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕವೆಂಬುದು ನನ್ನಂತಹ ಮೇಷ್ಟರಿಗೆ ಸಂತೋಷದ ಸಂಗತಿ.

ಇನ್ನು ಹೆಸರಿನ ವಿಚಾರ. ವೆಸ್ನಾ ಎಂದರೆ ವಸಂತ ಋತು. ಸ್ಲಾವಿಕ್ ಭಾಷೆಗಳ ಈ ಪದವೂ ಸಂಸ್ಕೃತದ 'ವಸಂತ'ವೂ ಒಂದೇ ಮೂಲದಿಂದ ಕವಲೊಡೆದವು. ಒಂದರಿಂದ ಇನ್ನೊಂದು ಎರವಲು ಪಡೆದದ್ದಲ್ಲ, ಇವು ಅಕ್ಕತಂಗಿಯರು. ಯೂರೋಪಿನ ಹಲವು ಭಾಷೆಗಳೂ ಇರಾನಿನ ಭಾಷೆಗಳೂ ಸಂಸ್ಕೃತವೂ ಒಂದು ಕುಟುಂಬಕ್ಕೆ ಸೇರಿದವು ಎಂಬುದನ್ನು ಪಂಡಿತರು ಶಾಸ್ತ್ರೀಯವಾಗಿ ನಿರೂಪಿಸಿದ್ದಾರೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಸರ್ ವಿಲಿಯಂ ಜೋನ್ಸ್ ಮಾಡಿದ ಭಾಷಣ, 1816ರಲ್ಲಿ ಫ್ರಾನ್ಜ್ ಬಾಪ್ ಪ್ರಕಟಿಸಿದ ಗ್ರಂಥ ಇವು ಆ ದಾರಿಯ ಮೈಲಿಗಲ್ಲುಗಳು. ಸ್ಲಾವಿಕ್ ಭಾಷೆಗಳ ತೌಲನಿಕ ವ್ಯಾಕರಣವನ್ನು ರಚಿಸಿದ ಮಹಾವಿದ್ವಾಂಸ ಫ್ರಾಂಜ್ ಮಿಕ್ಲೋಶಿಚ್ (1813–1891) ಸ್ಲೊವೇನಿಯದವನೇ. ವಿಯೆನ್ನಾದಲ್ಲಿ ಪ್ರಾಧ್ಯಾಪಕನಾಗಿದ್ದ ಆತನ ಸ್ಲಾವಿಕ್ ನಿರುಕ್ತಿಕೋಶ 1886ರಲ್ಲಿ ಪ್ರಕಟವಾಯಿತು.

ಎರಡು ಪದಗಳು ಕಿವಿಗೆ ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ಸಂಬಂಧ ಕಟ್ಟಬಾರದು. ಹಾಗೆ ಕಟ್ಟಿದ ಸಂಬಂಧಗಳು ನೂರಕ್ಕೆ ತೊಂಬತ್ತು ಸುಳ್ಳಾಗುತ್ತವೆ. ಸಂಬಂಧ ನಿಲ್ಲಬೇಕಾದರೆ ಧ್ವನಿಗಳ ನಡುವೆ ನಿಯಮವಿರಬೇಕು. ವೆಸ್ನಾ ಎಂಬಲ್ಲಿ 'ಎ'ಕಾರವಿದೆ, ವಸಂತ ಎಂಬಲ್ಲಿ 'ಅ'ಕಾರವಿದೆ. ಇದು ಆಕಸ್ಮಿಕವಲ್ಲ. ಸ್ಲೊವೇನ್ ಭಾಷೆಯಲ್ಲಿ ಆಕಾಶಕ್ಕೆ 'ನೆಬೊ', ಸಂಸ್ಕೃತದಲ್ಲಿ 'ನಭಸ್'. ಜೇನಿಗೆ ಅಲ್ಲಿ 'ಮೆದ್', ಇಲ್ಲಿ 'ಮಧು'. ಹತ್ತಕ್ಕೆ ಅಲ್ಲಿ 'ದೆಸೆತ್', ಇಲ್ಲಿ 'ದಶ'. ಮೂಲಭಾಷೆಯ ಹ್ರಸ್ವ 'ಎ'ಕಾರವು ಸಂಸ್ಕೃತದಲ್ಲಿ 'ಅ'ಕಾರವಾಯಿತು. ಸ್ಲಾವಿಕ್ ಭಾಷೆಗಳಲ್ಲಿ ಹಾಗೆಯೇ ಉಳಿಯಿತು. ವ, ಸ, ನ ಎಂಬ ವ್ಯಂಜನಗಳ ಅಸ್ಥಿಪಂಜರ ಎರಡರಲ್ಲಿಯೂ ಕದಲದೆ ನಿಂತಿದೆ.

ಇದೇ ಕುಟುಂಬದ ಇನ್ನೊಬ್ಬ ಸದಸ್ಯನನ್ನು ನಾವೆಲ್ಲ ಬಲ್ಲೆವು, ಆದರೆ ಗುರುತಿಸಿಲ್ಲ. ಪ್ರಾಚೀನ ಇರಾನಿನಲ್ಲಿ 'ಸ'ಕಾರವು 'ಹ'ಕಾರವಾಗುತ್ತದೆ. ಸಿಂಧು ಹಿಂದುವಾದದ್ದು ಹೀಗೆಯೇ. ಪ್ರಾಚೀನ ಪಾರಸಿಕದಲ್ಲಿ ವಸಂತವು 'ವಾಹರ' ಎನಿಸಿ, ಮುಂದೆ 'ಬಹಾರ್' ಆಯಿತು. ದೊರೆ ದಾರಯವಹುಷನ ಬೆಹಿಸ್ತೂನ್ ಶಾಸನದಲ್ಲಿ 'ಥೂರವಾಹರ' ಎಂಬ ತಿಂಗಳ ಹೆಸರಿನಲ್ಲಿ ಈ ಪದವಿದೆ. ನಮ್ಮ ಗದಗಿನ ನೆಲದ ಪಂಡಿತ ಭೀಮಸೇನ ಜೋಶಿಯವರು ಮನ್ನಾ ಡೇ ಅವರೊಡನೆ ಹಾಡಿದ 1956ರ ಹಿಂದಿ ಚಲನಚಿತ್ರದ ಹೆಸರು 'ಬಸಂತ್ ಬಹಾರ್'. ಭಾಷಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆ ಹೆಸರು ಒಂದೇ ಪದವನ್ನು ಎರಡು ಸಲ ಹೇಳಿದಂತೆ: ಒಮ್ಮೆ ಭಾರತದ ನಾಲಗೆಯಲ್ಲಿ, ಒಮ್ಮೆ ಇರಾನಿನ ನಾಲಗೆಯಲ್ಲಿ. ಲ್ಯಾಟಿನ್ನಿನ 'ವೇರ್', ಗ್ರೀಕಿನ 'ಎಯರ್' ಇವೂ ಇದೇ ಬಳ್ಳಿಯ ಕಾಯಿಗಳು. ಲಿಥುವೇನಿಯದಲ್ಲಿ ಮಾತ್ರ 'ವಾಸರ' ಎಂದರೆ ಬೇಸಿಗೆ. ಚಳಿ ಹೆಚ್ಚಿರುವ ನಾಡಿನಲ್ಲಿ ಋತುಗಳು ತುಸು ಮುಂದೆ ಸರಿದು ಕುಳಿತವೆಂದು ತೋರುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕನ್ನಡವು ದ್ರಾವಿಡ ಭಾಷೆ. ಈ ಕುಟುಂಬಕ್ಕೆ ಸೇರಿದ್ದಲ್ಲ. ವಸಂತ ಎಂಬುದು ನಮಗೆ ಸಂಸ್ಕೃತದಿಂದ ಬಂದ ತತ್ಸಮ. ನಮ್ಮದೇ ಆದ ಪದ 'ಸುಗ್ಗಿ'. ಇದಕ್ಕೆ ಪೈರು ಕೊಯ್ಯುವ ಕಾಲ ಎಂಬ ಅರ್ಥವೂ ಇದೆ, ವಸಂತಕಾಲ ಎಂಬ ಅರ್ಥವೂ ಇದೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಹೋಳಿಯ ಸಮಯದಲ್ಲಿ ತುರಾಯಿ ಕಟ್ಟಿಕೊಂಡು ಕುಣಿಯುವ ಸುಗ್ಗಿ ಕುಣಿತವನ್ನು ನೋಡಿದವರಿಗೆ ಇದು ತಿಳಿದ ವಿಷಯ. ಆದರೂ ನಾವು ಮಗಳಿಗೆ ಸುಗ್ಗಿ ಎಂದು ಹೆಸರಿಡುವುದು ಅಪರೂಪ. ವಸಂತಾ ಎಂದು ಇಡುತ್ತೇವೆ.

ಸೋಜಿಗವೇನೆಂದರೆ, ಸ್ಲೊವೇನಿಯದಲ್ಲಿಯೂ ಇದೇ ಸ್ಥಿತಿ. ರಷ್ಯನ್, ಪೋಲಿಷ್, ಯುಕ್ರೇನಿಯನ್ ಭಾಷೆಗಳಲ್ಲಿ ವಸಂತಕ್ಕೆ ಈ ಮೂಲದ ಪದವೇ ಇಂದಿಗೂ ದಿನಬಳಕೆಯಲ್ಲಿದೆ. ಸ್ಲೊವೇನ್ ಭಾಷೆಯಲ್ಲಿ ದಿನಬಳಕೆಯ ಪದ 'ಪೊಮ್ಲಾದ್'. 'ಮ್ಲಾದ್' ಎಂದರೆ ಎಳೆಯದು. ಅದು ನಮ್ಮ 'ಮೃದು'ವಿನ ಬಂಧು. ಅಂಗಡಿಯಲ್ಲಿ, ಹೊಲದಲ್ಲಿ, ರೇಡಿಯೋದ ಹವಾಮಾನ ವರದಿಯಲ್ಲಿ ಯಾರೂ ವೆಸ್ನಾ ಎನ್ನುವುದಿಲ್ಲ. ಅದು ಕಾವ್ಯದ ಪದ, ಹೆಣ್ಣುಮಕ್ಕಳ ಹೆಸರು. ನಮ್ಮಲ್ಲಿಯೂ ರೈತನು ಬೇಸಿಗೆ, ಮಳೆಗಾಲ, ಚಳಿಗಾಲ ಎನ್ನುತ್ತಾನೆಯೇ ಹೊರತು 'ಈ ವಸಂತದಲ್ಲಿ ಬಾವಿ ತೋಡಿಸುತ್ತೇನೆ' ಎನ್ನುವುದಿಲ್ಲ. ಎರಡು ದೂರದ ನಾಡುಗಳಲ್ಲಿ ಒಂದು ಹಳೆಯ ಪದವು ದಿನದ ಮಾತಿನ ದುಡಿಮೆಯಿಂದ ಬಿಡುಗಡೆ ಹೊಂದಿ, ಕವಿತೆಯಲ್ಲಿಯೂ ಮಕ್ಕಳ ಹೆಸರಿನಲ್ಲಿಯೂ ನೆಲೆಸಿದೆ.

ಚಳಿಗಾಲದ ಪದದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸ್ಲೊವೇನ್ ಭಾಷೆಯಲ್ಲಿ ಚಳಿಗಾಲಕ್ಕೆ 'ಜಿಮಾ' ಎನ್ನುತ್ತಾರೆ. ಸಂಸ್ಕೃತದ ಹಿಮ, ಹೇಮಂತ ಇವು ಅದರ ನೆಂಟರು. ಅಲ್ಲಿ 'ಜ'ಕಾರವಿರುವೆಡೆ ಇಲ್ಲಿ 'ಹ'ಕಾರ. ಗಾಡಿಗೆ ಅಲ್ಲಿ 'ವೋಜ್', ಇಲ್ಲಿ 'ವಾಹನ'. ಇದೂ ಅದೇ ನಿಯಮದಂತೆ. ಹೇಮಂತ ಹೋಗಿ ವಸಂತ ಬರುವುದು ಎಂದು ನಾವು ಹೇಳುವುದನ್ನು ಅವರು ತಮ್ಮ ಹಳೆಯ ಪದಗಳಲ್ಲಿ ಹೇಳಿದರೆ, ಜಿಮಾ ಹೋಗಿ ವೆಸ್ನಾ ಬರುವಳು.

ಈ 'ಬರುವಳು' ಎಂಬುದರ ಹಿಂದೆ ಒಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಬರಹಗಳ ಮೂಲಕ ನಮಗೆ ದೊರೆತಿರುವ ಸ್ಲೊವೇನಿಯದ ಐತಿಹ್ಯಗಳಲ್ಲಿ ವೆಸ್ನಾ ಒಬ್ಬಳಲ್ಲ, ಹಲವರು. ನಮ್ಮ ಕೆರೆ ಏರಿಯ ಮೇಲಿನ ಏಳು ಮಂದಿ ಅಕ್ಕಂದಿರ ಹಾಗೆ. ಆಲ್ಪ್ಸ್ ಪರ್ವತಗಳ ತುದಿಯಲ್ಲಿ ಅವರ ಅರಮನೆಗಳಿವೆಯಂತೆ. ಅಲ್ಲಿ ಕುಳಿತು ಈ ವರ್ಷದ ಬೆಳೆ ಹೇಗೆ, ಯಾವ ಮನುಷ್ಯನ ಪಾಡು ಏನು ಎಂದು ನಿಶ್ಚಯಿಸುತ್ತಾರಂತೆ. ಅರಮನೆಯ ಸುತ್ತ ಒಂದು ಮಾಯಾವಲಯವಿದ್ದು, ಅದನ್ನು ದಾಟಿ ಹೊರಬರಲು ಫೆಬ್ರವರಿ ತಿಂಗಳಲ್ಲಿ ಮಾತ್ರ ಸಾಧ್ಯ. ಆಗ ಅವರು ಮರದ ಗಾಡಿಗಳನ್ನೇರಿ ಕಣಿವೆಗೆ ಇಳಿಯುತ್ತಾರೆ. ಅವರ ಹಾಡು ಎಲ್ಲರ ಕಿವಿಗೂ ಬೀಳುವುದಿಲ್ಲ. ತನ್ನ ಹಣೆಬರಹ ತಿಳಿಯಲು ಕದ್ದು ಬೆಟ್ಟವೇರಿದವನು ಸಿಕ್ಕಿಬಿದ್ದರೆ ಕೇಡು ತಪ್ಪಿದ್ದಲ್ಲ.

ವೆಸ್ನಾ ಎಂಬುವಳು ಪ್ರಾಚೀನ ಸ್ಲಾವರು ಪೂಜಿಸುತ್ತಿದ್ದ ವಸಂತದೇವತೆ ಎಂದು ಅನೇಕ ಜನಪ್ರಿಯ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಆದರೆ ಅಂಥ ಪೂಜೆಯನ್ನು ವರ್ಣಿಸುವ ಮಧ್ಯಯುಗದ ವಿಶ್ವಾಸಾರ್ಹ ಆಧಾರವಿಲ್ಲ. ಈಗ ಪ್ರಸಿದ್ಧವಾಗಿರುವ ದೇವಿಯ ರೂಪವನ್ನು ಬಹುಮಟ್ಟಿಗೆ ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಭಾವುಕ ಲೇಖಕರು. ಇದರಿಂದ ಹೆಸರಿನ ಗೌರವ ಕಡಿಮೆಯಾಗುವುದಿಲ್ಲ. ಪದವು ನಿಜವಾಗಿಯೂ ಪ್ರಾಚೀನ, ದೇವಿ ಮಾತ್ರ ಈಚಿನವಳು ಎಂದು ಎರಡನ್ನೂ ಬೇರೆಬೇರೆ ಇಟ್ಟು ನೋಡಬೇಕು. ಚರಿತ್ರೆಯ ವಿದ್ಯಾರ್ಥಿಗಳಾಗಿದ್ದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಚಳಿಯನ್ನು ಕಳುಹಿಸಿ ವಸಂತವನ್ನು ಕರೆತರುವ ಆಚರಣೆಗಳಂತೂ ಆ ನಾಡಿನಲ್ಲಿ ನಿಜವಾಗಿಯೇ ಹಳೆಯವು. ಪ್ತುಯ್ ಪಟ್ಟಣದ ಸುತ್ತಮುತ್ತ ಕುರಿಯ ಚರ್ಮ ಹೊದ್ದು, ಸೊಂಟಕ್ಕೆ ದೊಡ್ಡ ಗಂಟೆಗಳನ್ನು ಕಟ್ಟಿಕೊಂಡು ಮನೆಮನೆಗೆ ಕುಣಿದು ಬರುವ 'ಕುರೆಂತ್' ವೇಷಗಳನ್ನು ಯುನೆಸ್ಕೋ ಸಂಸ್ಥೆಯು 2017ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾರ್ಚ್ 12ರ ಸಂತ ಗ್ರೆಗರಿಯ ದಿನ ಹಕ್ಕಿಗಳಿಗೆ ಮದುವೆ ಎಂಬ ನಂಬಿಕೆಯಿದೆ. ಪಂಚಾಂಗ ಸುಧಾರಣೆಗೆ ಮೊದಲು, ಎಂದರೆ 1582ಕ್ಕೆ ಮುನ್ನ, ಆ ದಿನವನ್ನೇ ವಸಂತದ ಮೊದಲ ದಿನವೆಂದು ಎಣಿಸುತ್ತಿದ್ದರು. ಕ್ರೋಪಾ, ತ್ರ್ಜಿಚ್ ಮುಂತಾದ ಊರುಗಳಲ್ಲಿ ಅದರ ಹಿಂದಿನ ಸಂಜೆ ಮಕ್ಕಳು ಕಾಗದದ ಪುಟ್ಟ ಮನೆಗಳೊಳಗೆ ಮೇಣದ ಬತ್ತಿ ಹಚ್ಚಿ ಹೊಳೆಯಲ್ಲಿ ತೇಲಿಬಿಡುತ್ತಾರೆ. ಈ ಊರುಗಳು ಕಮ್ಮಾರರು, ಚಮ್ಮಾರರು ಮೊದಲಾದ ಕಸುಬುದಾರರ ಊರುಗಳು. ಹಗಲು ಬೆಳೆಯಿತು, ಇನ್ನು ದೀಪ ಹಚ್ಚಿಕೊಂಡು ಕೆಲಸ ಮಾಡಬೇಕಾಗಿಲ್ಲ, ದೀಪವನ್ನು ನೀರಿಗೆ ಬಿಡೋಣ ಎಂಬುದು ಅದರ ಭಾವ. ನಮ್ಮಲ್ಲಿ ಕಾರ್ತಿಕದಲ್ಲಿ ಕತ್ತಲೆಗೆ ಎದುರಾಗಿ ದೀಪ ಹಚ್ಚಿದರೆ, ಅವರು ಬೆಳಕು ಬಂದಾಗ ದೀಪವನ್ನು ಬೀಳ್ಕೊಡುತ್ತಾರೆ.

ಹಾಗಾದರೆ ಇದು ಹೆಣ್ಣುಮಕ್ಕಳ ಹೆಸರಾದದ್ದು ಎಂದು? ಹಳೆಯ ಕಾಲದಲ್ಲಿ ಸ್ಲೊವೇನಿಯದ ಮಕ್ಕಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನದ ಸಮಯದಲ್ಲಿ ಸಂತರ ಹೆಸರುಗಳನ್ನಿಡುತ್ತಿದ್ದರು. ಗಂಡಾದರೆ ಯಾನೆಜ್, ಯೋಜೆಫ್, ಫ್ರಾಂಜ್. ಹೆಣ್ಣಾದರೆ ಮರಿಯಾ, ಆನಾ, ನೇಜಾ. ವೆಸ್ನಾ ಎಂಬ ಸಂತಳು ಯಾರೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಷ್ಟ್ರೀಯ ಜಾಗೃತಿ ಮೂಡಿದಾಗ, ವಿದ್ಯಾವಂತರು ತಮ್ಮದೇ ಭಾಷೆಯ ಅರ್ಥವುಳ್ಳ ಹೆಸರುಗಳನ್ನು ಹುಡುಕಲಾರಂಭಿಸಿದರು. ಜೋರಾ ಎಂದರೆ ಉಷೆ, ದಾನಿತ್ಸಾ ಎಂದರೆ ಬೆಳ್ಳಿಚುಕ್ಕಿ, ನಾದಾ ಎಂದರೆ ಭರವಸೆ, ತ್ಸ್ವೇತ್ಕಾ ಎಂದರೆ ಹೂವು. ಈ ಸಾಲಿನಲ್ಲಿ ಬಂದವಳು ವೆಸ್ನಾ. ಈ ಹೆಸರಿಗೆ ಆಗಲೇ ಜಾಗೃತಿಯ ಸಂಕೇತವೆಂಬ ಕಳೆ ಬಂದಿತ್ತು. ಮೊರಾವಿಯದ ಬ್ರ್ನೋ ನಗರದಲ್ಲಿ 1870ರಲ್ಲಿ ಹೆಂಗಸರ ಗಾಯನ ಸಂಘವೊಂದು ವೆಸ್ನಾ ಎಂಬ ಹೆಸರಿನಲ್ಲಿ ಹುಟ್ಟಿ, ಮುಂದೆ ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿತು. ವಿಯೆನ್ನಾದಲ್ಲಿ ಓದುತ್ತಿದ್ದ ಸ್ಲೊವೇನಿಯ ಮತ್ತು ಕ್ರೊಯೇಷಿಯದ ಚಿತ್ರಕಲಾ ವಿದ್ಯಾರ್ಥಿಗಳು 1903ರಲ್ಲಿ ಕಟ್ಟಿಕೊಂಡ ಸಂಘದ ಹೆಸರೂ ವೆಸ್ನಾ. ಮಕ್ಸಿಮ್ ಗಸ್ಪಾರಿ, ಹಿಂಕೊ ಸ್ಮ್ರೇಕರ್ ಮುಂತಾದವರು ಅದರ ಸದಸ್ಯರು. ಸಾಮ್ರಾಜ್ಯದ ರಾಜಧಾನಿಯಲ್ಲಿ ಕುಳಿತು ಅವರು ತಮ್ಮ ಹಳ್ಳಿಯ ಜಾತ್ರೆ, ಮದುವೆ, ಉಡುಪು, ಐತಿಹ್ಯಗಳನ್ನು ಚಿತ್ರಿಸಿದರು. ಗಸ್ಪಾರಿಯ ಚಿತ್ರಗಳು ಅಂಚೆ ಕಾರ್ಡುಗಳ ಮೇಲೆ ಅಚ್ಚಾಗಿ ಮನೆಮನೆಗೂ ತಲುಪಿದವು. ವ್ಯಂಗ್ಯಚಿತ್ರಕಾರನಾಗಿ ಹೆಸರಾದ ಸ್ಮ್ರೇಕರ್‌ನನ್ನು 1942ರಲ್ಲಿ ಲ್ಯುಬ್ಲಿಯಾನಾದಲ್ಲಿ ಇಟಲಿಯ ಆಕ್ರಮಣಕಾರರು ಗುಂಡಿಟ್ಟು ಕೊಂದರು.

ಹೆಸರೆಂಬುದು ಕೇವಲ ಕರೆಯುವ ಅನುಕೂಲವೇ ಆಗಿದ್ದರೆ ಮುಂದಿನ ಸಂಗತಿಗಳು ನಡೆಯುತ್ತಲೇ ಇರಲಿಲ್ಲ. ಮೊದಲ ಮಹಾಯುದ್ಧದ ತರುವಾಯ 1920ರ ರಾಪಾಲೊ ಒಪ್ಪಂದದಂತೆ ತ್ರಿಯೆಸ್ತೆ, ಗೊರಿತ್ಸಿಯ ಸುತ್ತಮುತ್ತಲ ಪ್ರದೇಶ ಇಟಲಿಗೆ ಸೇರಿತು. ಮೂರು ಲಕ್ಷಕ್ಕೂ ಹೆಚ್ಚು ಸ್ಲೊವೇನರು ಇಟಲಿಯ ಪ್ರಜೆಗಳಾದರು. ಅದೇ ವರ್ಷ ಜುಲೈ 13ರಂದು ತ್ರಿಯೆಸ್ತೆಯಲ್ಲಿದ್ದ ಅವರ ಸಾಂಸ್ಕೃತಿಕ ಭವನವನ್ನು ಫ್ಯಾಸಿಸ್ಟರು ಸುಟ್ಟಿದ್ದರು. 1923ರ ಶಿಕ್ಷಣ ಸುಧಾರಣೆಯ ನೆಪದಲ್ಲಿ ಸ್ಲೊವೇನ್ ಮಾಧ್ಯಮದ ಶಾಲೆಗಳನ್ನು ತರಗತಿಯಿಂದ ತರಗತಿಗೆ ಮುಚ್ಚುತ್ತಾ ಬಂದರು. ಉಪಾಧ್ಯಾಯರನ್ನು ಕೆಲಸದಿಂದ ತೆಗೆದರು ಅಥವಾ ದೂರದ ಊರುಗಳಿಗೆ ವರ್ಗ ಮಾಡಿದರು. ಬಳಿಕ ಸರದಿ ಹೆಸರುಗಳದು. ಮನೆತನದ ಹೆಸರುಗಳನ್ನು ಇಟಾಲಿಯನ್ ರೂಪಕ್ಕೆ ತಿರುಗಿಸುವ 1926ರ ಆಜ್ಞೆಯನ್ನು 1927ರಲ್ಲಿ ಈ ಪ್ರದೇಶಕ್ಕೂ ವಿಸ್ತರಿಸಿದರು. ಹುಟ್ಟಿದ ಮಗುವಿಗೆ ರಾಷ್ಟ್ರಭಾವನೆಗೆ ವಿರುದ್ಧವಾದ ಹೆಸರಿಡಕೂಡದೆಂಬ ಕಾನೂನು 1928ರಲ್ಲಿ ಬಂದಿತು. ಅಂದರೆ ತೊಟ್ಟಿಲ ಮುಂದೆ ಕುಳಿತ ತಾಯಿ ತನ್ನ ಮಗಳನ್ನು ತನ್ನ ಭಾಷೆಯಲ್ಲಿ ಏನೆಂದು ಕರೆಯಬೇಕೆಂಬುದನ್ನು ನೋಂದಣಿ ಕಚೇರಿಯ ಗುಮಾಸ್ತ ತೀರ್ಮಾನಿಸತೊಡಗಿದ.

ಈ ಕಾಲದ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಗೊರಿತ್ಸಿಯದ ಬಳಿ ಲೋಯ್ಜೆ ಬ್ರಾತುಜ್ ಎಂಬ ಚರ್ಚ್ ಗಾಯನ ನಿರ್ದೇಶಕನಿದ್ದ. ಸರಕಾರದ ಕಾಗದಪತ್ರಗಳಲ್ಲಿ ಅವನ ಹೆಸರನ್ನು ಲುಯಿಜಿ ಬೆರ್ತೊಸ್ಸಿ ಎಂದು ತಿದ್ದಿದ್ದರು. ಹಳ್ಳಿಯ ಮೇಳಕ್ಕೆ ಸ್ಲೊವೇನ್ ಭಾಷೆಯ ಹಾಡುಗಳನ್ನು ಹಾಡಿಸಿದನೆಂಬ ಕಾರಣಕ್ಕೆ 1936ರ ಡಿಸೆಂಬರ್ 27ರಂದು ಫ್ಯಾಸಿಸ್ಟರು ಅವನನ್ನು ಹಿಡಿದು ಬಲವಂತವಾಗಿ ಯಂತ್ರದ ಎಣ್ಣೆ ಕುಡಿಸಿದರು. 1937ರ ಫೆಬ್ರವರಿ 16ರಂದು ಅವನು ತೀರಿಕೊಂಡ. ವಯಸ್ಸು ಮೂವತ್ತನಾಲ್ಕು. ಎರಡನೆಯದು ತ್ರಿಯೆಸ್ತೆಯ ಲೇಖಕ ಬೋರಿಸ್ ಪಾಹೊರ್ (1913–2022) ಬರೆದ ಒಂದು ಸಣ್ಣಕಥೆ. ಶಾಲೆಯಲ್ಲಿ ತನ್ನ ತಾಯ್ನುಡಿಯಲ್ಲಿ ಮಾತನಾಡಿದ ಪುಟ್ಟ ಹುಡುಗಿಯನ್ನು ಉಪಾಧ್ಯಾಯನು ಜಡೆಯಿಂದ ಕೋಟು ತೂಗುಹಾಕುವ ಗೂಟಕ್ಕೆ ನೇತುಹಾಕುತ್ತಾನೆ. ಸಾಂಸ್ಕೃತಿಕ ಭವನ ಉರಿಯುವುದನ್ನು ಆರು ವರ್ಷದ ಬಾಲಕನಾಗಿ ಕಣ್ಣಾರೆ ಕಂಡಿದ್ದ ಪಾಹೊರ್ 108 ವರ್ಷ ಬದುಕಿ, ಕೊನೆಯವರೆಗೂ ಇದನ್ನೆಲ್ಲ ನೆನಪಿಸುತ್ತಲೇ ಇದ್ದರು. ನಮ್ಮ ವೃತ್ತಿಯವನೊಬ್ಬನ ಕೈಯಲ್ಲಿ ಹೀಗಾಯಿತೆಂಬ ಕಥೆಯನ್ನು ನೆನೆಯುವುದು ನನಗೆ ಸುಲಭವಲ್ಲ. ಮುಂದೆ 1941ರಿಂದ ಜರ್ಮನರ ವಶದಲ್ಲಿದ್ದ ಭಾಗಗಳಲ್ಲಿಯೂ ಹೆಸರುಗಳನ್ನು ಜರ್ಮನ್ ರೂಪಕ್ಕೆ ತಿದ್ದಿದರು, ಪುಸ್ತಕಗಳನ್ನು ನಾಶಪಡಿಸಿದರು, ಉಪಾಧ್ಯಾಯರನ್ನೂ ಪಾದ್ರಿಗಳನ್ನೂ ಗಡೀಪಾರು ಮಾಡಿದರು. ಒಂದು ಜನಾಂಗವನ್ನು ಅಳಿಸಹೊರಟವರು ಎರಡು ಕಡೆಯೂ ಮೊದಲು ಕೈಯಿಟ್ಟದ್ದು ಹೆಸರಿನ ಮೇಲೆ ಮತ್ತು ಮೇಷ್ಟರ ಮೇಲೆ.

ಇಂಥ ಕತ್ತಲೆಯನ್ನು ದಾಟಿ ಬಂದ ಜನರಿಗೆ ಯುದ್ಧಾನಂತರ ತಮ್ಮ ಭಾಷೆಯ ಹೆಸರುಗಳು ಎಷ್ಟು ಪ್ರಿಯವಾಗಿರಬೇಕೆಂಬುದನ್ನು ಊಹಿಸಬಹುದು. 1953ರಲ್ಲಿ 'ವೆಸ್ನಾ' ಎಂಬ ಹೆಸರಿನ ಸ್ಲೊವೇನ್ ಚಲನಚಿತ್ರವೊಂದು ತೆರೆಕಂಡಿತು. ನಿರ್ದೇಶಕ ಚೆಕ್ ಮೂಲದ ಫ್ರಾಂತಿಶೆಕ್ ಚಾಪ್. ಕಥೆ ಬರೆದವನು ಕವಿ ಮತೇಯ್ ಬೋರ್. ನಾಯಕಿಯ ಪಾತ್ರದಲ್ಲಿ ಮೆತ್ಕಾ ಗಬ್ರಿಯೆಲ್‌ಚಿಚ್. ಪ್ರೌಢಶಾಲೆಯ ಅಂತಿಮ ಪರೀಕ್ಷೆ ಸಮೀಪಿಸಿದೆ, ಗಣಿತದ ಮೇಷ್ಟರೆಂದರೆ ಹುಡುಗರಿಗೆ ನಡುಕ, ಆ ಮೇಷ್ಟರಿಗೊಬ್ಬಳು ಮಗಳು. ಮುಂದಿನದನ್ನು ನಿಮಗೆ ಹೇಳಬೇಕಾಗಿಲ್ಲ! ಯುದ್ಧದ ಕಥೆಗಳೇ ತುಂಬಿದ್ದ ಕಾಲದಲ್ಲಿ ನಗುವೂ ಪ್ರೇಮವೂ ತುಂಬಿದ ಈ ಚಿತ್ರವನ್ನು ಜನರು ಮನಸಾರೆ ಮೆಚ್ಚಿಕೊಂಡರು. 1957ರಲ್ಲಿ ಇದರ ಮುಂದುವರಿದ ಭಾಗವೂ ಬಂದಿತು. ಇಂದು ಸ್ಲೊವೇನಿಯದ ರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಕೊಡುವ ಪ್ರಶಸ್ತಿಯ ಹೆಸರೇ 'ವೆಸ್ನಾ'.

ಈ ಹೆಸರು ಸ್ಲೊವೇನಿಯದ ಗಡಿಯೊಳಗೇ ಉಳಿಯಲಿಲ್ಲ. ಕ್ರೊಯೇಷಿಯ, ಸರ್ಬಿಯ, ಬೋಸ್ನಿಯ, ಮ್ಯಾಸಿಡೋನಿಯಗಳಲ್ಲಿಯೂ ಇದು ಬಹು ಪರಿಚಿತ. ಕ್ರೊಯೇಷಿಯದ ಪ್ರಸಿದ್ಧ ಕವಯಿತ್ರಿ ವೆಸ್ನಾ ಪಾರುನ್ ಹುಟ್ಟಿದ್ದು 1922ರಲ್ಲಿ. ಆ ವೇಳೆಗೇ ಹೆಸರು ಬಳಕೆಗೆ ಬಂದಿತ್ತೆಂದಾಯಿತು. ಯುಗೊಸ್ಲಾವಿಯದಲ್ಲಿ ಕ್ಯಾಥೊಲಿಕರು, ಆರ್ಥೊಡಾಕ್ಸ್ ಕ್ರೈಸ್ತರು, ಮುಸಲ್ಮಾನರು ಅಕ್ಕಪಕ್ಕದಲ್ಲಿ ಬಾಳುತ್ತಿದ್ದರು. ಹೆಸರು ಕೇಳಿದರೆ ಮತ ತಿಳಿಯುತ್ತಿತ್ತು. ವೆಸ್ನಾ ಎಂಬುದು ಯಾವ ಸಂತನದೂ ಅಲ್ಲ, ಯಾವ ಧರ್ಮಗ್ರಂಥದ್ದೂ ಅಲ್ಲ. ಋತುವಿಗೆ ಮತವಿಲ್ಲವಷ್ಟೆ.

ಹೆಸರು ಎಷ್ಟು ಸಾಮಾನ್ಯವಾಗಿತ್ತೆಂಬುದಕ್ಕೆ ಮೈ ಜುಮ್ಮೆನಿಸುವ ಸಾಕ್ಷಿಯೊಂದಿದೆ. ವೆಸ್ನಾ ವುಲೊವಿಚ್ ಎಂಬಾಕೆ ಸರ್ಬಿಯದವಳು. ಯುಗೊಸ್ಲಾವ್ ವಿಮಾನ ಸಂಸ್ಥೆಯಲ್ಲಿ ಗಗನಸಖಿ. 1972ರ ಜನವರಿ 26ರಂದು ಚೆಕೊಸ್ಲೊವಾಕಿಯದ ಮೇಲೆ ಹಾರುತ್ತಿದ್ದ ವಿಮಾನವು ಸ್ಫೋಟಗೊಂಡು ಒಡೆಯಿತು. ವಿಮಾನದಲ್ಲಿದ್ದ 28 ಮಂದಿಯಲ್ಲಿ 27 ಮಂದಿ ಸತ್ತರು. ಉಳಿದವಳು ಇಪ್ಪತ್ತೆರಡು ವರ್ಷದ ವೆಸ್ನಾ ಒಬ್ಬಳೇ. 10,160 ಮೀಟರ್ ಎತ್ತರದಿಂದ ಬಿದ್ದು ಬದುಕಿದ ಆಕೆಯ ಹೆಸರು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ಆಕೆ ಅಂದು ಆ ವಿಮಾನದಲ್ಲಿ ಇರಬೇಕಾದವಳೇ ಅಲ್ಲ. ಸಂಸ್ಥೆಯಲ್ಲಿ ವೆಸ್ನಾ ಎಂಬ ಇನ್ನೊಬ್ಬ ಗಗನಸಖಿ ಇದ್ದಳು. ಇಬ್ಬರ ಹೆಸರು ಅದಲುಬದಲಾಗಿ ಈಕೆಯನ್ನು ಕಳುಹಿಸಿದ್ದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದ ಆಕೆ ಮತ್ತೆ ನಡೆದಾಡುವಂತಾದಳು. 2016ರ ಡಿಸೆಂಬರಿನವರೆಗೂ ಬದುಕಿದ್ದಳು. ಒಂದು ತರಗತಿಯಲ್ಲಿ ಇಬ್ಬರು ವಸಂತೆಯರಿದ್ದರೆ ನಾವು ಇನಿಷಿಯಲ್ ಹಚ್ಚಿ ಕರೆಯುತ್ತಿದ್ದುದು ಇಂಥ ಗೊಂದಲ ತಪ್ಪಲೆಂದೇ ಅಲ್ಲವೆ!

'ಇಬ್ಬರು' ಎಂದ ಕೂಡಲೇ ವ್ಯಾಕರಣದ ಒಂದು ಮಾತು ನೆನಪಾಗುತ್ತದೆ. ಶಾಲೆಯಲ್ಲಿ ಸಂಸ್ಕೃತ ಕಲಿತವರು 'ರಾಮಃ ರಾಮೌ ರಾಮಾಃ' ಎಂದು ಉರುಹೊಡೆದದ್ದನ್ನು ಮರೆತಿರಲಾರರು. ಒಬ್ಬನಿಗೆ ಏಕವಚನ, ಇಬ್ಬರಿಗೆ ದ್ವಿವಚನ, ಹಲವರಿಗೆ ಬಹುವಚನ. ಯೂರೋಪಿನ ಬಹುತೇಕ ಭಾಷೆಗಳು ದ್ವಿವಚನವನ್ನು ಕಳೆದುಕೊಂಡಿವೆ. ಅದನ್ನು ಇಂದಿಗೂ ದಿನದ ಮಾತಿನಲ್ಲಿ ಉಳಿಸಿಕೊಂಡ ಕೆಲವೇ ಭಾಷೆಗಳಲ್ಲಿ ಸ್ಲೊವೇನ್ ಒಂದು. ಒಬ್ಬಳು ವೆಸ್ನಾ, ಇಬ್ಬರು 'ದ್ವೆ ವೆಸ್ನಿ', ಮೂವರು 'ತ್ರಿ ವೆಸ್ನೆ'. ದ್ವಿ, ತ್ರಿ ಎಂಬ ನಮ್ಮ ಸಂಖ್ಯೆಗಳನ್ನು ಅಲ್ಲಿಯೂ ಗುರುತಿಸಬಹುದು.

ಭಾರತದೊಡನೆ ಈ ನಾಡುಗಳಿಗಿರುವ ನೇರ ನಂಟನ್ನೂ ಹೇಳಿಬಿಡುತ್ತೇನೆ. ಸ್ಲೊವೇನಿಯದ ಕರೋಲ್ ಗ್ಲಾಸೆರ್ (1845–1913) ಎಂಬ ವಿದ್ವಾಂಸರು ಸಂಸ್ಕೃತ ಕಲಿತು ಕಾಳಿದಾಸನ ನಾಟಕಗಳನ್ನು ನೇರವಾಗಿ ಸ್ಲೊವೇನ್ ಭಾಷೆಗೆ ತಂದರು: 1885ರಲ್ಲಿ ವಿಕ್ರಮೋರ್ವಶೀಯ, 1886ರಲ್ಲಿ ಮಾಲವಿಕಾಗ್ನಿಮಿತ್ರ, 1908ರಲ್ಲಿ ಶಾಕುಂತಲ. ಮಾಲವಿಕಾಗ್ನಿಮಿತ್ರವು ವಸಂತೋತ್ಸವದಲ್ಲಿ ಆಡಲೆಂದು ರಚಿತವಾದ ನಾಟಕವೆಂಬುದನ್ನು ಅದರ ಪ್ರಸ್ತಾವನೆಯೇ ಹೇಳುತ್ತದೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಬಸವಪ್ಪಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಿಸಿ 'ಅಭಿನವ ಕಾಳಿದಾಸ' ಎನಿಸಿಕೊಂಡರು. ಇಬ್ಬರೂ ಸಮಕಾಲೀನರು; ತಂತಮ್ಮ ಭಾಷೆಗೆ ಒಂದೇ ಕವಿಯಿಂದ ಬಲ ತಂದವರು. ಇನ್ನು ಕ್ರೊಯೇಷಿಯದ ಲೇಖಕಿ ವೆಸ್ನಾ ಕ್ರ್ಮ್ಪೊತಿಚ್ (1932–2018) ದೆಹಲಿಯಲ್ಲಿ ಬಂಗಾಳಿ ಕಲಿತು, ಭಾರತೀಯ ಸಾಹಿತ್ಯದ ಸಂಕಲನವೊಂದನ್ನು 'ಸಾವಿರ ಕಮಲಗಳು' ಎಂಬ ಅರ್ಥದ ಹೆಸರಿನಿಂದ 1971ರಲ್ಲಿ ತಮ್ಮ ಜನರಿಗೆ ಕೊಟ್ಟರು. ವೆಸ್ನಾ ಎಂಬ ಹೆಸರಿನವರೇ ವಸಂತನ ನಾಡಿಗೆ ಬಂದು ಕಲಿತದ್ದು ಚೆಲುವಾದ ಕಾಕತಾಳೀಯ.

ಈಚಿನ ವೆಸ್ನಾಗಳೂ ಇದ್ದಾರೆ. ಸ್ಲೊವೇನಿಯದ ಹಿಮಜಾರಾಟಗಾರ್ತಿ ವೆಸ್ನಾ ಫಾಬ್ಯಾನ್ 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು. ಹಿಮದ ಮೇಲೆ ಓಡಿ ಗೆದ್ದವಳ ಹೆಸರು ವಸಂತ! 2023ರ ಯೂರೋವಿಷನ್ ಗಾಯನ ಸ್ಪರ್ಧೆಯಲ್ಲಿ ಚೆಕ್ ದೇಶದ ಪರವಾಗಿ ಹಾಡಿದ ಹೆಣ್ಣುಮಕ್ಕಳ ತಂಡದ ಹೆಸರೂ ವೆಸ್ನಾ.

ಕೊನೆಯದಾಗಿ ನಮ್ಮ ಮನೆಯ ಮಾತು. ಹಿಂದೆ ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡರೆ, ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಕರೆಯುತ್ತಿದ್ದರು. ಗುಂಡ, ಕಲ್ಲ, ಹುಚ್ಚ ಎಂಬ ಹೆಸರುಗಳೂ ಹೀಗೆ ಬಂದವು. ಮೃತ್ಯುವು ಈ ಮಗುವಿನ ಮೇಲೆ ಕಣ್ಣು ಹಾಕದಿರಲಿ ಎಂಬ ಆರ್ತತೆ ಅದರಲ್ಲಿತ್ತು. ಸರ್ಬಿಯನ್ ಭಾಷೆಯ ಸುಧಾರಕ ವುಕ್ ಕರಾಜಿಚ್ (1787–1864) ಎಂಬಾತನಿಗೆ ಹೆತ್ತವರು ತೋಳವೆಂಬ ಅರ್ಥದ 'ವುಕ್' ಎಂಬ ಹೆಸರಿಟ್ಟದ್ದೂ, ಹಿಂದಿನ ಮಕ್ಕಳು ಉಳಿಯದ ಕಾರಣಕ್ಕೆ. ಆ ಹೆಸರುಗಳು ಶಾಲೆಗೆ ಬಂದಾಗ ಏನಾಯಿತು? ದಾಖಲಾತಿ ಪುಸ್ತಕದಲ್ಲಿ ಎಷ್ಟೋ ತಿಪ್ಪಯ್ಯಗಳು ತಿಪ್ಪೇಸ್ವಾಮಿಗಳಾದರು, ಎಷ್ಟೋ ಕೆಂಚಿಯರು ಲಕ್ಷ್ಮಿಯರಾದರು. ಒಳ್ಳೆಯ ಉದ್ದೇಶದಿಂದಲೇ ಇರಬಹುದು. ಆದರೆ ಲೇಖನಿ ಹಿಡಿದವನ ಕೈಯಲ್ಲಿ ಒಂದು ಮನೆಯ ನೆನಪು ಅಳಿಸಿಹೋಗುವ ಸಾಧ್ಯತೆ ಎಲ್ಲ ದೇಶದಲ್ಲಿಯೂ ಒಂದೇ. ಗೊರಿತ್ಸಿಯದಲ್ಲಿ ಅದು ದ್ವೇಷದಿಂದ ನಡೆಯಿತು, ನಮ್ಮಲ್ಲಿ ಅಕ್ಕರೆಯಿಂದಲೋ ಉದಾಸೀನದಿಂದಲೋ ನಡೆಯಿತು. ಮಕ್ಕಳು ಎರಡು ಕಡೆಯೂ ಬೇರೆ ಹೆಸರಿಗೆ 'ಹಾಜರ್' ಎಂದು ಕೂಗಲು ಕಲಿತರು.

ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದು ವಿನಂತಿ. ನಿಮಗೆ ಈಗಿರುವ ಹೆಸರನ್ನು ಯಾರು ಇಟ್ಟರು, ಏಕೆ ಇಟ್ಟರು, ಅದಕ್ಕೆ ಮೊದಲು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮಕ್ಕಳಿಗೂ ಹೇಳಿ. ವಸಂತ ಎಂಬ ಹೆಸರಿನವರು ಇದನ್ನು ಓದುತ್ತಿದ್ದರೆ, ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ನಿಮಗೊಬ್ಬ ಅಕ್ಕನಿದ್ದಾಳೆ, ತೆಹರಾನಿನಲ್ಲಿ ಬಹಾರ್ ಎಂಬ ತಂಗಿಯಿದ್ದಾಳೆ ಎಂಬುದು ನೆನಪಿರಲಿ. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಮನೆಯ ಮಕ್ಕಳು ಇಂದಿಗೂ ಒಂದೇ ಹೆಸರಿಗೆ ಓಗೊಡುತ್ತಿದ್ದಾರೆ.

ಎಲ್ಲರಿಗೂ ಶುಭವಾಗಲಿ.